ನೀರು ಸುರಿಯುವ ಕೂಜೆ ಕಲೆಯೋ, ಸುರಿಯದ ಕೂಜೆ ಕಲೆಯೋ?

ತಿಗರಿಮಣ್ಣು
ಒಂದು ಪ್ರದರ್ಶನಕ್ಕೆ ಕೃತಿಗಳನ್ನು ಕಳುಹಿಸಬೇಕಾಗಿದೆ. ಅರ್ಜಿಯಲ್ಲಿ ಇರುವುದು ಎರಡೇ ವಿಭಾಗ: ‘ಉಪಯುಕ್ತ ಕಲೆ’ ಮತ್ತು ‘ಶುದ್ಧ ಕಲೆ’. ಎರಡರಲ್ಲಿ ಒಂದಕ್ಕೆ ಗುರುತು ಹಾಕದಿದ್ದರೆ ಅರ್ಜಿ ಮುಂದಕ್ಕೆ ಹೋಗುವುದೇ ಇಲ್ಲ. ನಾನು ಮಾಡುವುದು ಜೇಡಿಮಣ್ಣಿನ ಕೂಜೆಗಳನ್ನು. ಮೂತಿ ಇದೆ, ಹಿಡಿಕೆ ಇದೆ, ಮುಚ್ಚಳ ಇದೆ. ನೀರು ಹಾಕಿದರೆ ನಿಲ್ಲುತ್ತದೆ, ಬಗ್ಗಿಸಿದರೆ ಸುರಿಯುತ್ತದೆ. ಆದರೆ ಒಂದೊಂದೂ ಸೊಂಟದೆತ್ತರ. ತುಂಬಿದ ಮೇಲೆ ಎತ್ತಲು ಇಬ್ಬರು ಬೇಕು. ಯಾರೂ ಅದನ್ನು ಬಳಸುವುದಿಲ್ಲ ಎಂದು ನನಗೂ ಗೊತ್ತು, ಕೊಳ್ಳುವವರಿಗೂ ಗೊತ್ತು.

ಈಗ ಹೇಳಿ, ಬಳಸಲು ಬರುವುದೆಲ್ಲ ಉಪಯುಕ್ತವೋ, ಯಾರಾದರೂ ನಿಜವಾಗಿ ಬಳಸಿದರೆ ಮಾತ್ರ ಉಪಯುಕ್ತವೋ? ಈ ಗೆರೆಯನ್ನು ಮೊದಲು ಎಳೆದವರಾದರೂ ಯಾರು?

ಉಳಿಪೆಟ್ಟು
ಶುದ್ಧ ಕಲೆಗೇ ಗುರುತು ಹಾಕಿ. ಬಹುಮಾನದ ಮೊತ್ತ ಯಾವಾಗಲೂ ಅಲ್ಲಿಯೇ ದೊಡ್ಡದು.

ಗೋಡೆಬಣ್ಣ
ಇಷ್ಟೊಂದು ತಲೆಕೆಡಿಸಿಕೊಳ್ಳುವಂಥದ್ದು ಏನಿದೆ? ನೋಡಲೆಂದೇ, ಅನುಭವಿಸಲೆಂದೇ ಮಾಡಿದ್ದು ಶುದ್ಧ ಕಲೆ. ಬೇರೊಂದು ಕೆಲಸಕ್ಕೆಂದು ಮಾಡಿ ಚೆಂದಗೊಳಿಸಿದ್ದು ಉಪಯುಕ್ತ ಕಲೆ. ನನ್ನ ಚಿತ್ರದಿಂದ ಯಾರೂ ನೀರು ಕುಡಿಯುವುದಿಲ್ಲ, ಅದರ ಮೇಲೆ ಯಾರೂ ಕೂರುವುದಿಲ್ಲ. ಅದಕ್ಕೆ ಸ್ವಾತಂತ್ರ್ಯ ಇರುವುದೇ ಆ ಕಾರಣಕ್ಕೆ. ಕೂಜೆಯ ತಳಕ್ಕೆ ತೂತು ಕೊರೆದರೆ ಅದು ಕೂಜೆಯೇ ಅಲ್ಲ. ನನ್ನ ಕ್ಯಾನ್ವಾಸಿಗೆ ತೂತು ಕೊರೆದರೂ ಅದು ಚಿತ್ರವೇ. ಇದು ಮೇಲು ಕೀಳಿನ ಮಾತಲ್ಲ, ಬಗೆ ಬೇರೆ ಅಷ್ಟೇ.

ತಕರಾರು
‘ಮೇಲು ಕೀಳಿನ ಮಾತಲ್ಲ’ ಎನ್ನುವವರೆಲ್ಲ ಮೇಲೆ ಕುಳಿತವರೇ ಆಗಿರುವುದು ಬರೀ ಕಾಕತಾಳೀಯ ಇರಬೇಕು.

ಚಿತ್ರಕ್ಕೆ ಕೆಲಸವಿಲ್ಲವೇ? 1539ರಲ್ಲಿ ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿ ತನ್ನ ಆಸ್ಥಾನದ ಚಿತ್ರಕಾರ ಹಾನ್ಸ್ ಹೋಲ್ಬೈನ್‌ನನ್ನು ಕ್ಲೀವ್ಸ್‌ಗೆ ಕಳುಹಿಸಿದ. ಅಲ್ಲಿನ ರಾಜಕುಮಾರಿ ಆ್ಯನ್ ನೋಡಲು ಹೇಗಿದ್ದಾಳೆ ಎಂದು ಬರೆದುಕೊಂಡು ಬರುವುದೇ ಅವನಿಗೆ ವಹಿಸಿದ ಕೆಲಸ. ಚಿತ್ರ ಬಂತು, 1540ರ ಜನವರಿಯಲ್ಲಿ ಮದುವೆಯಾಯಿತು, ಜುಲೈಯಲ್ಲಿ ಅದು ರದ್ದೂ ಆಯಿತು. ಗುರುತಿನ ಚೀಟಿಯ ಫೋಟೋ ಮಾಡುವ ಕೆಲಸವನ್ನೇ ಆ ಚಿತ್ರ ಮಾಡಿದ್ದು. ಅದು ಈಗ ಲೂವ್ರ್‌ನಲ್ಲಿ ಶುದ್ಧ ಕಲೆಯಾಗಿ ನೇತಾಡುತ್ತಿದೆ.

ಗೋಡೆಬಣ್ಣ
ಇವತ್ತು ಅದರ ಮುಂದೆ ನಿಲ್ಲುವವರು ಯಾರೂ ಹೆಣ್ಣು ಹುಡುಕುತ್ತಿಲ್ಲವಲ್ಲ. ಕೆಲಸ ಕಳಚಿಹೋದ ಮೇಲೂ ಏನು ಉಳಿಯುತ್ತದೋ ಅದೇ ಕಲೆ. ನನ್ನ ವಾದಕ್ಕೆ ನೀವೇ ಸಾಕ್ಷಿ ಒದಗಿಸಿದಿರಿ, ಧನ್ಯವಾದ.

ತಕರಾರು
ಹಾಗಾದರೆ ನಾಳೆ ಎಲ್ಲರೂ ಕೂಜೆ ಬಳಸುವುದನ್ನು ಬಿಟ್ಟರೆ ಜಗತ್ತಿನ ಎಲ್ಲ ಕೂಜೆಗಳೂ ರಾತ್ರೋರಾತ್ರಿ ಶುದ್ಧ ಕಲೆಯಾಗುತ್ತವೆ, ಅಲ್ಲವೇ?

ಹಳೆಯಪುಟ
ನಿಮ್ಮಿಬ್ಬರ ಜಗಳದಲ್ಲಿ ಮೂಲ ಪ್ರಶ್ನೆ ಅನಾಥವಾಗಿದೆ. ಗೆರೆ ಎಳೆದವರು ಯಾರು ಎಂದು ಅವರು ಕೇಳಿದ್ದರು.

ಒಬ್ಬನೇ ಎಳೆದದ್ದಲ್ಲ. ಆದರೆ ದಪ್ಪವಾಗಿ ಎಳೆದವರ ಪೈಕಿ ಒಬ್ಬ ಫ್ರಾನ್ಸಿನ ಶಾರ್ಲ್ ಬಾತೊ. 1746ರಲ್ಲಿ ಅವನು ಸಂಗೀತ, ಕಾವ್ಯ, ಚಿತ್ರ, ಶಿಲ್ಪ, ನೃತ್ಯ ಈ ಐದನ್ನು ‘ಆನಂದಕ್ಕಾಗಿ ಇರುವ ಕಲೆಗಳು’ ಎಂದು ಒಂದು ಕಡೆ ಇಟ್ಟ. ಅಗತ್ಯಕ್ಕಾಗಿ ಇರುವ ಕಸುಬುಗಳನ್ನು ಇನ್ನೊಂದು ಕಡೆ ಇಟ್ಟ. ವಾಸ್ತುಶಿಲ್ಪ ಮತ್ತು ವಾಗ್ಮಿತೆ ಎರಡು ಕಡೆಯೂ ಹೊಂದದೆ ತೊಂದರೆ ಕೊಟ್ಟಾಗ ಅವುಗಳಿಗೆಂದೇ ಮೂರನೆಯ ಗುಂಪು ಮಾಡಿದ. ಅದಕ್ಕಿಂತ ಹಿಂದೆ ಯೂರೋಪಿನಲ್ಲೂ ಚಿತ್ರಕಾರ ಒಬ್ಬ ಕಸುಬುದಾರನೇ. ಫ್ಲಾರೆನ್ಸ್ ನಗರದಲ್ಲಿ ಚಿತ್ರಕಾರರು ಸೇರಿದ್ದುದು ವೈದ್ಯರ ಮತ್ತು ಔಷಧಿ ವ್ಯಾಪಾರಿಗಳ ಸಂಘಕ್ಕೆ, ಬಣ್ಣದ ಪುಡಿಗಳನ್ನು ಮಾರುತ್ತಿದ್ದವರೂ ಆ ವ್ಯಾಪಾರಿಗಳೇ.

ಅರವತ್ತನಾಲ್ಕು ಕಲೆಗಳ ಹಳೆಯ ಪಟ್ಟಿಯನ್ನೂ ನೋಡಿ. ಹಾಡು, ಕುಣಿತ, ಚಿತ್ರ ಇರುವ ಪಟ್ಟಿಯಲ್ಲೇ ಬಡಗಿಯ ಕೆಲಸ, ಹೊಲಿಗೆ, ಹಾರ ಕಟ್ಟುವುದು, ಮನೆ ಕಟ್ಟುವುದು ಎಲ್ಲವೂ ಸಾಲಾಗಿ ನಿಂತಿವೆ. ಅದನ್ನು ಬರೆದವರಿಗೆ ಈ ಅರ್ಜಿ ಕೊಟ್ಟಿದ್ದರೆ ತುಂಬದೆ ಹಿಂದಿರುಗಿಸುತ್ತಿದ್ದರು.

ಹೊಸಬ
ಅಂದರೆ ಬಾತೊ ಮಹಾಶಯ ಮೂರು ಪೆಟ್ಟಿಗೆ ಇಟ್ಟಿದ್ದ. ಈ ಆಯೋಜಕರು ಸುಮಾರು ಮುನ್ನೂರು ವರ್ಷ ಹಿಂದಕ್ಕೆ ಹೋಗುವ ಬದಲು ಅದಕ್ಕಿಂತಲೂ ಹಿಂದೆ ಹೋಗಿದ್ದಾರೆ!

ಹಾಸುಹೊಕ್ಕು
ನಾನು ನೇಯುವವಳು. ಗೆರೆ ಎಲ್ಲಿದೆ ಎಂದು ನನ್ನನ್ನು ಕೇಳಿ, ಬೆರಳಿಟ್ಟು ತೋರಿಸುತ್ತೇನೆ: ನೆಲಕ್ಕೂ ಗೋಡೆಗೂ ನಡುವೆ. ಅದೇ ಬಟ್ಟೆಯನ್ನು ಹಾಸಿದರೆ ಕಸುಬು, ತೂಗುಹಾಕಿದರೆ ಕಲೆ. ನನ್ನ ಒಂದು ಹಾಸನ್ನು ಕೊಂಡವರೊಬ್ಬರು ಅದನ್ನು ಗೋಡೆಗೆ ಏರಿಸಿದರು; ಅಂದಿನಿಂದ ನನ್ನನ್ನು ಪರಿಚಯಿಸುವಾಗ ‘ಕಲಾವಿದೆ’ ಎನ್ನುತ್ತಾರೆ. ನಾನು ಒಂದು ಎಳೆಯನ್ನೂ ಬದಲಿಸಿರಲಿಲ್ಲ.

1971ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದಲ್ಲಿ ಹಳೆಯ ಅಮೆರಿಕನ್ ಕ್ವಿಲ್ಟ್‌ಗಳನ್ನು, ಅಂದರೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದ ಹೊದಿಕೆಗಳನ್ನು, ಅಮೂರ್ತ ಚಿತ್ರಗಳಂತೆ ಗೋಡೆಗೆ ತೂಗುಹಾಕಿದರು. ಜನ ಬೆರಗಾದರು. ಬೆರಗಾಗಲಿ, ಸಂತೋಷ. ಆದರೆ ಹೊಗಳಿಕೆಯ ಧಾಟಿಯನ್ನು ಗಮನಿಸಿ: ‘ಆಧುನಿಕ ಚಿತ್ರಕಾರರು ಮಾಡಿದ ಹಾಗೆಯೇ ಇದೆ!’ ಅವರಿಗಿಂತ ಮೊದಲೇ ಹೊದಿಕೆ ಹೊಲಿದ ಹೆಂಗಸರು ಅವರ ಹಾಗೆ ಮಾಡಿದ್ದಂತೆ. ಅವರಲ್ಲಿ ಹೆಚ್ಚಿನವರ ಹೆಸರೂ ಉಳಿದಿಲ್ಲ.

ಇನ್ನು ಬೌಹೌಸ್. 1919ರಲ್ಲಿ ಜರ್ಮನಿಯಲ್ಲಿ, ಕಲೆಗೂ ಕಸುಬಿಗೂ ನಡುವಿನ ಗೋಡೆಯನ್ನು ಒಡೆಯುತ್ತೇವೆ ಎಂದು ಶುರುವಾದ ಶಾಲೆ. ಅಲ್ಲಿಗೆ ಸೇರಿದ ಹುಡುಗಿಯರಲ್ಲಿ ಬಹುಪಾಲು ಜನರನ್ನು ನೂಕಿದ್ದು ಮಗ್ಗದ ಮನೆಗೆ. ಆನಿ ಆಲ್ಬರ್ಸ್ ಅಲ್ಲಿ ನೇಯ್ಗೆ ಕಲಿತದ್ದೂ ಹೀಗೆಯೇ. ಒಂದು ಸಭಾಂಗಣಕ್ಕೆ ಆಕೆ ನೇಯ್ದ ಬಟ್ಟೆ ಒಂದು ಮೈಯಲ್ಲಿ ಸದ್ದನ್ನು ಹೀರುತ್ತಿತ್ತು, ಇನ್ನೊಂದು ಮೈಯಲ್ಲಿ ಬೆಳಕನ್ನು ಹಿಂದಿರುಗಿಸುತ್ತಿತ್ತು. ಮುಂದೆ ಆಕೆ ಬರೀ ನೋಡುವುದಕ್ಕೆಂದೂ ನೇಯ್ದಳು. ಒಬ್ಬಳೇ ಹೆಂಗಸು, ಅದೇ ಹಾಸು, ಅದೇ ಹೊಕ್ಕು. ಎರಡರಲ್ಲಿ ಯಾವುದು ‘ಶುದ್ಧ’ ಎಂದು ಗೋಡೆಬಣ್ಣ ಅವರು ತೀರ್ಪು ಕೊಡಲಿ.

ಗೋಡೆಬಣ್ಣ
ಎರಡನೆಯದು. ತೀರ್ಪು ಕೊಟ್ಟೆ. ಆಕೆಯೇ ಎರಡನ್ನೂ ಬೇರೆ ಬೇರೆ ಉದ್ದೇಶದಿಂದ ನೇಯ್ದಿದ್ದಾಳೆ, ಆ ಭೇದ ಆಕೆಗೂ ಗೊತ್ತಿತ್ತು. ಹೆಂಗಸರಿಗೆ ಆದ ಅನ್ಯಾಯ ನಿಜ, ಒಪ್ಪುತ್ತೇನೆ. ಆದರೆ ವರ್ಗೀಕರಣವನ್ನು ಯಾರೋ ದುರುಪಯೋಗ ಮಾಡಿಕೊಂಡರೆಂದು ವರ್ಗೀಕರಣವೇ ಸುಳ್ಳಾಗುವುದಿಲ್ಲ.

ಉಳಿಪೆಟ್ಟು
ತಮಾಷೆ ಮಾಡಿ ಸುಮ್ಮನಿರೋಣ ಎಂದುಕೊಂಡಿದ್ದೆ, ಆದರೆ ಇಲ್ಲಿ ಎಲ್ಲರೂ ಕುರ್ಚಿಯನ್ನು ಮರೆತಿದ್ದಾರೆ.

ನಾನು ಮರಗೆಲಸದವನು. ಗೆರೆ ಇದೆ ಎನ್ನುವುದರಲ್ಲಿ ನಾನು ಗೋಡೆಬಣ್ಣ ಅವರ ಪಕ್ಷ, ಅದು ಎಲ್ಲಿದೆ ಎನ್ನುವುದರಲ್ಲಿ ಅಲ್ಲ. ಅವರ ಪ್ರಕಾರ ಉಪಯೋಗ ಎಂದರೆ ಒಂದು ಬಂಧನ. ನನ್ನ ಪ್ರಕಾರ ಅದು ಇನ್ನೊಂದು ಪರೀಕ್ಷೆ, ಮತ್ತು ಅದರಲ್ಲಿ ಸ್ಪಷ್ಟವಾಗಿ ನಪಾಸಾಗಬಹುದು. ಕುರ್ಚಿಯ ಆಸನ ನೆಲದಿಂದ ಸುಮಾರು 45 ಸೆಂಟಿಮೀಟರ್ ಎತ್ತರದಲ್ಲಿರಬೇಕು. ತೀರಾ ಹೆಚ್ಚಾದರೆ ಗಿಡ್ಡಗಿರುವವರ ಕಾಲು ಜೋತುಬೀಳುತ್ತದೆ, ತೊಡೆಯ ಅಡಿಭಾಗ ಒತ್ತುತ್ತದೆ. ಒರಗು ನೆಟ್ಟಗಿದ್ದರೆ ಸ್ವಲ್ಪ ಹೊತ್ತಿಗೆ ಕುಳಿತವರು ಎದ್ದು ಹೋಗುತ್ತಾರೆ. ಕೀಲು ಸಡಿಲವಾದರೆ ಕೆಲವೇ ತಿಂಗಳಲ್ಲಿ ಕಿರುಗುಟ್ಟುತ್ತದೆ. ಕುಳಿತವರ ಬೆನ್ನೇ ಇಲ್ಲಿ ವಿಮರ್ಶಕ, ಅದಕ್ಕೆ ಯಾವ ವಾದದ ಚಮತ್ಕಾರವೂ ನಾಟುವುದಿಲ್ಲ. ಚಿತ್ರ ಚೆನ್ನಾಗಿಲ್ಲ ಎಂದರೆ ‘ನಿಮಗೆ ಅರ್ಥವಾಗಲಿಲ್ಲ’ ಎನ್ನಬಹುದು. ಬೆನ್ನು ನೋಯುತ್ತಿದೆ ಎಂದವರಿಗೆ ಹಾಗೆ ಹೇಳಿ ನೋಡೋಣ.

ಹಾಲೆಂಡಿನ ವಿನ್ಯಾಸಕಾರ ರೀಟ್‌ಫೆಲ್ಡ್ 1918ರಲ್ಲಿ ರೂಪಿಸಿದ ಕುರ್ಚಿಯನ್ನು ತೆಗೆದುಕೊಳ್ಳಿ, ಕೆಂಪು, ನೀಲಿ ಹಲಗೆಗಳದ್ದು. ಬಣ್ಣ ಬಂದದ್ದು ಆಮೇಲೆ, ಸುಮಾರು 1923ರಲ್ಲಿ. ಮೆತ್ತೆಯಿಲ್ಲದ ಎರಡು ಹಲಗೆ, ಒಂದನ್ನೊಂದು ದಾಟಿ ಹೋಗುವ ಮರದ ಪಟ್ಟಿಗಳು. ಕಣ್ಣಿಗೆ ಹಬ್ಬ. ಸಂಜೆಯೆಲ್ಲ ಕೂತು ಓದಲು ನಾನಂತೂ ಅದನ್ನು ಆರಿಸಿಕೊಳ್ಳುವುದಿಲ್ಲ. ಅಮೆರಿಕದ ಶಿಲ್ಪಿ ಡೊನಾಲ್ಡ್ ಜಡ್ ಈ ವಿಷಯದಲ್ಲಿ ಪ್ರಾಮಾಣಿಕ: ತನ್ನ ಶಿಲ್ಪಗಳೂ ಪೆಟ್ಟಿಗೆಯಂತೆ, ತಾನು ಮಾಡಿದ ಮೇಜು ಕುರ್ಚಿಗಳೂ ಪೆಟ್ಟಿಗೆಯಂತೆ ಇದ್ದರೂ, ಎರಡನ್ನೂ ಬೆರೆಸಬೇಡಿ, ಕುರ್ಚಿ ಕುರ್ಚಿಯ ಕೆಲಸ ಮಾಡಲೇಬೇಕು ಎಂದು ಹಟ ಹಿಡಿದಿದ್ದ.

ಹೊಸಬ
‘ಕುಳಿತವರ ಬೆನ್ನೇ ವಿಮರ್ಶಕ’, ಇದನ್ನು ಬರೆದಿಟ್ಟುಕೊಂಡೆ.

ತಿಗರಿಮಣ್ಣು
ಉಳಿಪೆಟ್ಟು ಅವರ ಮಾತು ಮಣ್ಣಿಗೂ ಹಾಗೆಯೇ ಒಪ್ಪುತ್ತದೆ. ಮೂತಿಯ ತುದಿ ಪಾತ್ರೆಯ ಬಾಯಿಗಿಂತ ಕೆಳಗಿದ್ದರೆ ಪಾತ್ರೆ ತುಂಬುವ ಮೊದಲೇ ಮೂತಿಯಿಂದ ಸೋರುತ್ತದೆ. ತುದಿಯ ಅಂಚು ದುಂಡಗಿದ್ದರೆ ಸುರಿದು ನಿಲ್ಲಿಸಿದಾಗ ಕೊನೆಯ ಹನಿ ಮೂತಿಯ ಕೆಳಗೆ ಹರಿದು ಮೇಜಿಗೆ ಬೀಳುತ್ತದೆ. ಚೂಪಾಗಿದ್ದರೆ ಧಾರೆ ತುಂಡಾಗುತ್ತದೆ. ಬಿಗಿಯಾದ ಮುಚ್ಚಳಕ್ಕೆ ಗಾಳಿಯಾಡಲು ಸಣ್ಣ ತೂತು ಬಿಡದಿದ್ದರೆ ನೀರು ಗಳಗಳ ಎಂದು ತಡೆತಡೆದು ಬರುತ್ತದೆ. ಕಡಿಮೆ ಶಾಖದಲ್ಲಿ ಸುಟ್ಟ ಮಣ್ಣು ನೀರನ್ನು ಹೀರುತ್ತದೆ. ತಕ್ಕ ಮಣ್ಣನ್ನು 1200 ಡಿಗ್ರಿ ಸೆಲ್ಸಿಯಸ್ ದಾಟಿಸಿ ಸುಟ್ಟರೆ ಒಳಗೆಲ್ಲ ಗಟ್ಟಿಯಾಗಿ ಕಲ್ಲಿನಂತಾಗುತ್ತದೆ. ಇವು ಯಾವುವೂ ಅಲಂಕಾರದ ತೀರ್ಮಾನಗಳಲ್ಲ. ಆದರೂ ಕೂಜೆಯ ರೂಪ ಹುಟ್ಟುವುದು ಇವುಗಳಿಂದಲೇ. ಅದಕ್ಕೇ ‘ಮೊದಲು ಕೆಲಸದ ವಸ್ತು, ಆಮೇಲೆ ಚೆಂದ’ ಎಂಬ ಗೋಡೆಬಣ್ಣ ಅವರ ವ್ಯಾಖ್ಯೆ ನನಗೆ ಹಿಡಿಸುವುದಿಲ್ಲ. ಚೆಂದವನ್ನು ಮೇಲಿನಿಂದ ಬಳಿಯುವುದಿಲ್ಲ ನಾವು.

ಅಡ್ಡಮಾತು
ಮೂತ್ರದ ಬೋಗುಣಿಯ ಮಾತು ಇನ್ನೂ ಬಂದಿಲ್ಲವೇ? ನಾನೇ ತರುತ್ತೇನೆ. 1917ರಲ್ಲಿ ಕಲಾವಿದ ಮಾರ್ಸೆಲ್ ದುಶಾಂ ಅಂಗಡಿಯಿಂದ ತಂದ ಬೋಗುಣಿಯನ್ನು ಅಡ್ಡ ಮಲಗಿಸಿ, ಸುಳ್ಳು ಹೆಸರಿನಲ್ಲಿ ಸಹಿ ಹಾಕಿ ಪ್ರದರ್ಶನಕ್ಕೆ ಕಳುಹಿಸಿದ. ಶುಲ್ಕ ಕಟ್ಟಿದವರ ಕೃತಿಗಳನ್ನೆಲ್ಲ ತೋರಿಸುತ್ತೇವೆ ಎಂದಿದ್ದ ಸಂಘದವರು ಇದನ್ನು ಮಾತ್ರ ತೋರಿಸಲಿಲ್ಲ. 1993ರಲ್ಲಿ ಫ್ರಾನ್ಸಿನ ನೀಮ್ ನಗರದಲ್ಲಿ ಒಬ್ಬ ಅದರ ಒಳಗೆ ಮೂತ್ರ ಮಾಡಿ, ಆಮೇಲೆ ಸುತ್ತಿಗೆಯಿಂದ ಹೊಡೆದ. ನನ್ನ ಪ್ರಶ್ನೆ: ಆ ಕೆಲವು ಕ್ಷಣಗಳಲ್ಲಿ ಅದು ಯಾವ ಪೆಟ್ಟಿಗೆಯಲ್ಲಿತ್ತು?

ಗೋಡೆಬಣ್ಣ
ಅವನು ಬಳಸಿದ್ದು 1917ರದ್ದನ್ನಲ್ಲ. ಮೂಲ ವಸ್ತು ಆಗಲೇ ಕಳೆದುಹೋಗಿದೆ. ಸಂಗ್ರಹಾಲಯಗಳಲ್ಲಿ ಈಗ ನಾವು ನೋಡುವವು ದುಶಾಂ ಒಪ್ಪಿಗೆಯಿಂದ ಆಮೇಲೆ ಬಂದ ಪ್ರತಿಗಳು, ಹೆಚ್ಚಿನವು 1964ರಲ್ಲಿ ಮಾಡಿಸಿದವು. ಅಂದರೆ ಕಾರ್ಖಾನೆಯ ವಸ್ತುವನ್ನು ಕಲೆ ಎಂದು ತೋರಿಸಿದ್ದನ್ನು, ಮತ್ತೆ ಕಲೆಯಂತೆ ಕೈಯಿಂದ ಮಾಡಿಸಿದರು. ಇದಕ್ಕಿಂತ ದೊಡ್ಡ ತಮಾಷೆ ಬೇರೆ ಬೇಕೇ?

ಆದರೆ ಇದು ನನ್ನ ಪಕ್ಷವನ್ನೇ ಬಲಪಡಿಸುತ್ತದೆ. 1921ರಲ್ಲಿ ಮ್ಯಾನ್ ರೇ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಮೊಳೆಗಳ ಸಾಲು ಅಂಟಿಸಿದ. 1936ರಲ್ಲಿ ಮೆರೆ ಓಪನ್‌ಹೈಮ್ ಕಪ್ಪು, ಸಾಸರು, ಚಮಚ ಮೂರಕ್ಕೂ ತುಪ್ಪಳ ಹೊದಿಸಿದಳು. ಎರಡರಲ್ಲೂ ಉಪಯೋಗವನ್ನು ಕೊಂದ ಕೂಡಲೇ ವಸ್ತು ಕಲೆಯಾಯಿತು.

ತಕರಾರು
ಕೊಂದದ್ದಲ್ಲ ಸ್ವಾಮಿ, ಸೆರೆ ಹಿಡಿದಿಟ್ಟದ್ದು. ಇಸ್ತ್ರಿಪೆಟ್ಟಿಗೆ ಏನು ಮಾಡುತ್ತದೆ ಎಂದು ತಿಳಿಯದವನಿಗೆ ಮೊಳೆಗಳನ್ನು ನೋಡಿ ಮೈ ಜುಮ್ಮೆನ್ನುವುದಿಲ್ಲ. ಅಂಗಿ ಹರಿಯುವ ದೃಶ್ಯ ನಮ್ಮ ತಲೆಯೊಳಗೆ ನಡೆಯುವುದೇ ಉಪಯೋಗ ಗೊತ್ತಿರುವುದರಿಂದ. ತುಪ್ಪಳದ ಕಪ್ಪಿನದೂ ಅದೇ ಕಥೆ, ಕೂದಲು ತುಟಿಗೆ ತಾಗಿದಂತಾಗುತ್ತದೆ. ಉಪಯೋಗವನ್ನು ತೆಗೆದುಬಿಟ್ಟರೆ ನಿಮ್ಮ ‘ಶುದ್ಧ ಕಲೆ’ಯ ಜೀವವೇ ಹೋಗುತ್ತದೆ.

ಗೋಡೆಬಣ್ಣ
ಇದಕ್ಕೆ ಉತ್ತರ ಯೋಚಿಸಿ ಬರೆಯುತ್ತೇನೆ.

ಉಳಿಪೆಟ್ಟು
ಚಿತ್ರಕಾರರು ಯೋಚಿಸಲು ಹೋಗಿದ್ದಾರೆ, ದಿನಾಂಕ ಗುರುತಿಟ್ಟುಕೊಳ್ಳಿ.

ಕಾನೂನುಕಣ್ಣು
ನೀವೆಲ್ಲ ಇದನ್ನು ಸೌಂದರ್ಯದ ಪ್ರಶ್ನೆ ಎಂದುಕೊಂಡಿದ್ದೀರಿ. ಸುಂಕದ ಅಧಿಕಾರಿಗಳಿಗೆ ಇದು ಶೇಕಡಾ 40ರ ಪ್ರಶ್ನೆಯಾಗಿತ್ತು.

1926ರಲ್ಲಿ ಶಿಲ್ಪಿ ಬ್ರಾಂಕೂಸಿಯ ಹಕ್ಕಿ ನ್ಯೂಯಾರ್ಕಿಗೆ ಹಡಗಿನಲ್ಲಿ ಬಂತು. ಹೊಳೆಯುವ ಕಂಚು, ತೆಳ್ಳಗೆ ನೀಳವಾಗಿ ಮೇಲೇರುವ ಆಕಾರ, ರೆಕ್ಕೆಯಿಲ್ಲ, ಕೊಕ್ಕಿಲ್ಲ. ಕಲಾಕೃತಿಗೆ ಸುಂಕವಿರಲಿಲ್ಲ. ಇದು ಕಲಾಕೃತಿಯಂತೆ ಕಾಣಲಿಲ್ಲವಾದ್ದರಿಂದ ಅದನ್ನು ಅಡುಗೆಮನೆಯ ಮತ್ತು ಆಸ್ಪತ್ರೆಯ ಸಾಮಾನುಗಳ ಪಟ್ಟಿಗೆ ಸೇರಿಸಿ ಸುಂಕ ಹಾಕಿದರು. ಆ ಹಕ್ಕಿಯಿಂದ ಯಾವ ಅಡುಗೆ ಮಾಡಬಹುದಿತ್ತೋ! ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು, 1928ರಲ್ಲಿ ಕಲಾಕೃತಿಯೇ ಎಂಬ ತೀರ್ಪು ಬಂತು. ಅದಕ್ಕೆ ಯಾವ ಉಪಯೋಗವೂ ಇಲ್ಲ ಎನ್ನುವುದೂ ಆ ತೀರ್ಪಿನಲ್ಲಿ ಹಕ್ಕಿಯ ಪರವಾಗಿಯೇ ನಿಂತಿತು.

ಇನ್ನೊಂದು ಮೊಕದ್ದಮೆ ಇದಕ್ಕೆ ತಿರುಗುಮುರುಗು. ಕುಣಿಯುವ ಗಂಡು ಹೆಣ್ಣಿನ ಸಣ್ಣ ಪ್ರತಿಮೆಗಳನ್ನು ದೀಪದ ಬುಡವಾಗಿ ಮಾರುತ್ತಿದ್ದರು. ಬೇರೆಯವರು ನಕಲು ಮಾಡಿ, ‘ಇದು ದೀಪದ ಭಾಗ, ಇದಕ್ಕೆಲ್ಲಿಯ ಕೃತಿಸ್ವಾಮ್ಯ’ ಎಂದರು. 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ: ತಲೆಯ ಮೇಲೆ ಬಲ್ಬು ಹೊತ್ತ ಮಾತ್ರಕ್ಕೆ ಪ್ರತಿಮೆ ಪ್ರತಿಮೆಯಾಗಿರುವುದನ್ನು ಬಿಡುವುದಿಲ್ಲ ಎಂಬುದು ತೀರ್ಪಿನ ಸಾರ. ಆದ್ದರಿಂದ ಕೂಜೆಯವರೇ, ‘ಉಪಯುಕ್ತ’ ಎಂದು ಗುರುತು ಹಾಕುವ ಮೊದಲು ನಕಲಿನ ವಿಷಯದಲ್ಲಿ ನಿಮ್ಮ ಕಾನೂನು ಏನು ಹೇಳುತ್ತದೆ ನೋಡಿಕೊಳ್ಳಿ.

ಹಾಸುಹೊಕ್ಕು
ಸುಂಕದವರಿಗಿಂತ ವಿಮಾ ಕಂಪನಿಯವರು ಇನ್ನೂ ಚೆನ್ನಾಗಿ ವ್ಯಾಖ್ಯಾನ ಕೊಡುತ್ತಾರೆ. ಒಮ್ಮೆ ಕೇಳಿ ನೋಡಿ.

ಅಡ್ಡಮಾತು
ವಿಮೆ ಎಂದಾಗ ಇಟಲಿಯ ಅಕ್ಕಸಾಲಿಗ ಚೆಲ್ಲೀನಿಯ ಉಪ್ಪಿನ ಪಾತ್ರೆ ನೆನಪಾಯಿತು. ಫ್ರಾನ್ಸಿನ ದೊರೆಗೆಂದು 1540ರ ದಶಕದ ಆರಂಭದಲ್ಲಿ ಮಾಡಿದ್ದು, ಬಂಗಾರದ್ದು, ಸಮುದ್ರದೇವನೂ ಭೂದೇವಿಯೂ ಎದುರುಬದುರು ಒರಗಿ ಕುಳಿತಿದ್ದಾರೆ. ಪಕ್ಕದ ಪುಟ್ಟ ದೋಣಿಯಲ್ಲಿ ಉಪ್ಪು. ಇಷ್ಟೆಲ್ಲ ಸಂಭ್ರಮ ಒಂದು ಚಿಟಿಕೆ ಉಪ್ಪಿಗೆ! 2003ರಲ್ಲಿ ವಿಯೆನ್ನಾದ ಸಂಗ್ರಹಾಲಯದಿಂದ ಕಳುವಾಗಿ, 2006ರಲ್ಲಿ ಕಾಡಿನಲ್ಲಿ ಹೂತಿಟ್ಟ ಪೆಟ್ಟಿಗೆಯಲ್ಲಿ ಸಿಕ್ಕಿತು. ಉಪ್ಪು ಇತ್ತೇ ಎಂದು ಯಾರೂ ಕೇಳಲಿಲ್ಲ.

ನಿರ್ವಾಹಕ
ಕಳ್ಳತನದ ಕಥೆಗಳಿಗೆ ಬೇರೆ ಎಳೆ ಇದೆ. ವಿಷಯಕ್ಕೆ ಬನ್ನಿ.

ಅಕ್ಷರಮೋಹಿ
ವಿಷಯಕ್ಕೇ ಬರುತ್ತೇನೆ. ಈಗ ನೀವು ಓದುತ್ತಿರುವ ಅಕ್ಷರಗಳು ಯಾವ ಪೆಟ್ಟಿಗೆ? ನಾನು ಕನ್ನಡ ಫಾಂಟ್ ರೂಪಿಸುವವನು. ಶೀರ್ಷಿಕೆಗೆಂದು ಬರೆದ ಅಕ್ಷರದಲ್ಲಿ ತಲೆಕಟ್ಟನ್ನು ಹೇಗೆ ಬೇಕಾದರೂ ಕುಣಿಸಬಹುದು. ಪುಟದ ತುಂಬ ಓದಿಸುವ ಅಕ್ಷರದಲ್ಲಿ ಹಾಗಿಲ್ಲ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲಕ್ಕೆ ಏರುತ್ತದೆ. ಎರಡು ಸಾಲುಗಳ ನಡುವೆ ಜಾಗ ಬಿಡದಿದ್ದರೆ ಮೇಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಸಣ್ಣ ಅಳತೆಯಲ್ಲಿ ‘ಪ’ ಮತ್ತು ‘ಷ’ ಬೇರೆ ಬೇರೆಯಾಗಿ ಕಾಣಬೇಕು, ‘ವ’ ಮತ್ತು ‘ಮ’ ಗೊಂದಲ ಮಾಡಬಾರದು. ಓದುಗರಿಗೆ ನನ್ನ ಕೆಲಸ ಕಣ್ಣಿಗೆ ಬಿದ್ದರೆ ನಾನು ಸೋತೆ. ಇಂಥ ಕಲೆಗೆ ನಿಮ್ಮ ಅರ್ಜಿಯಲ್ಲಿ ಜಾಗವೇ ಇಲ್ಲ.

ಹೊಸಬ
‘ವ’ ‘ಮ’ ಗೊಂದಲ ಮಾಡುವ ಫಾಂಟುಗಳನ್ನು ದಿನವೂ ನೋಡುತ್ತಿದ್ದೇನೆ. ಅವು ಶುದ್ಧ ಕಲೆ ಇರಬೇಕು.

ಹಳೆಯಪುಟ
ಅಕ್ಷರಮೋಹಿ ಹೇಳಿದ ‘ಕಣ್ಣಿಗೆ ಬೀಳದ ಕಲೆ’ಯನ್ನು ಒಂದು ತತ್ವವನ್ನಾಗಿ ಮಾಡಿದವರು ಜಪಾನಿನ ಯಾನಾಗಿ ಸೋಯೆತ್ಸು. ಹೆಸರಿಲ್ಲದ ಕೈಗಳು ದಿನಬಳಕೆಗೆ, ದೊಡ್ಡ ಸಂಖ್ಯೆಯಲ್ಲಿ ಮಾಡಿದ ಸಾಮಾನುಗಳಲ್ಲೇ ನಿಜವಾದ ಸೌಂದರ್ಯವಿದೆ ಎಂದು 1920ರ ದಶಕದಿಂದ ವಾದಿಸಿದರು. ಒಳ್ಳೆಯ ವಾದ. ಆದರೆ 1936ರಲ್ಲಿ ಟೋಕಿಯೊದಲ್ಲಿ ಆ ಸಾಮಾನುಗಳಿಗೆಂದೇ ವಸ್ತುಸಂಗ್ರಹಾಲಯ ತೆರೆದರು. ಬಳಸುವುದರಿಂದ ಚೆಂದವಾದ ಬಟ್ಟಲುಗಳು ಬಳಸಬಾರದ ಜಾಗಕ್ಕೆ ಬಂದವು. ಅವರ ಸಂಗಡಿಗ ಕುಂಬಾರ ಹಮಾದಾ ಶೋಜಿ ತನ್ನ ಪಾತ್ರೆಗಳ ಮೇಲೆ ಸಹಿಯ ಮುದ್ರೆ ಒತ್ತುವುದನ್ನೇ ಬಿಟ್ಟರೂ ಹೆಸರು ಬೆಳೆಯುತ್ತಲೇ ಹೋಯಿತು, 1955ರಲ್ಲಿ ಸರ್ಕಾರದಿಂದ ರಾಷ್ಟ್ರೀಯ ಗೌರವವೂ ಬಂತು. ಹೆಸರಿಲ್ಲದಿರುವುದು ಹೇಗೆ ಎಂದು ಕಲಿಸಿ ಹೆಸರುವಾಸಿಯಾಗುವುದು ಕಷ್ಟದ ಕಲೆ.

ತಕರಾರು
ಗೆರೆಯನ್ನು ಗೇಲಿ ಮಾಡಿದವರ ಪೈಕಿ ನನಗೆ ಇಷ್ಟ ಶಿಲ್ಪಿ ಇಸಾಮು ನೊಗುಚಿ. 1951ರಿಂದ ಬಿದಿರು ಮತ್ತು ಕಾಗದದ ದೀಪಗಳನ್ನು ಮಾಡಿದರು. ಅವು ಅಂಗಡಿಯಲ್ಲೂ ಮಾರಾಟಕ್ಕಿದ್ದವು. 1986ರಲ್ಲಿ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಅಮೆರಿಕದ ಪ್ರತಿನಿಧಿಯಾಗಿ ಅದೇ ದೀಪಗಳನ್ನು ತೂಗುಹಾಕಿದರು. ಜೊತೆಗೆ ಅಮೃತಶಿಲೆಯ ದೊಡ್ಡ ಜಾರುಬಂಡೆ! ಹತ್ತಿ ಜಾರಬಹುದಿತ್ತು. ಬೆನ್ನು ವಿಮರ್ಶಕನಾಗುವ ಮಾತಾಯಿತಲ್ಲ, ಇಲ್ಲಿ ಅದಕ್ಕೂ ಕೆಳಗಿನ ಭಾಗ.

ಉಳಿಪೆಟ್ಟು
ಜಾರುವವರಿಗೆ ಅಂಚು ತಾಗದಂತೆ ಕಲ್ಲನ್ನು ಉಜ್ಜಿದ ಕೈಗೆ ನನ್ನ ನಮಸ್ಕಾರ.

ತಿಗರಿಮಣ್ಣು
ಆಯೋಜಕರಿಗೇ ಬರೆದು ಕೇಳಿದೆ. ಉತ್ತರ ಬಂದಿದೆ: ‘ಶುದ್ಧ ಕಲೆ’ ಆದರೆ ಪೀಠದ ಮೇಲೆ ಇಡುತ್ತಾರೆ, ಮುಟ್ಟುವಂತಿಲ್ಲ. ‘ಉಪಯುಕ್ತ ಕಲೆ’ ಆದರೆ ತೀರ್ಪುಗಾರರು ಬಳಸಿ ನೋಡುತ್ತಾರೆ. ಇಷ್ಟು ಸ್ಪಷ್ಟವಾಗಿ ಮೊದಲೇ ಹೇಳಿದ್ದರೆ ಇಷ್ಟು ಮಾತೇ ಬೇಕಿರಲಿಲ್ಲ. ‘ಉಪಯುಕ್ತ’ಕ್ಕೆ ಗುರುತು ಹಾಕಿದ್ದೇನೆ. ಯಾರಾದರೂ ಅದರಿಂದ ನೀರು ಸುರಿಯುವುದನ್ನು ನನಗೂ ಒಮ್ಮೆ ನೋಡಬೇಕಿದೆ.

ಹಾಸುಹೊಕ್ಕು
ಸರಿಯಾದ ಆಯ್ಕೆ. ಮುಟ್ಟಬಾರದು ಎಂದು ಬರೆದ ಕೂಡಲೇ ಅರ್ಧ ಕೃತಿ ಸಾಯುತ್ತದೆ.

ಗೋಡೆಬಣ್ಣ
ಯೋಚಿಸಿ ಬಂದಿದ್ದೇನೆ. ತಕರಾರು ಅವರ ಇಸ್ತ್ರಿಪೆಟ್ಟಿಗೆಯ ಮಾತು ಅಷ್ಟರಮಟ್ಟಿಗೆ ಸರಿ. ಉಪಯೋಗದ ನೆನಪು ಅಲ್ಲಿ ಬೇಕು. ಆದರೆ ಎಲ್ಲ ಕೃತಿಗಳೂ ಇಸ್ತ್ರಿಪೆಟ್ಟಿಗೆಗಳಲ್ಲ. ಬರೀ ಬಣ್ಣದ ಎರಡು ಪಟ್ಟೆಗಳ ಮುಂದೆ ನಿಂತಾಗ ಯಾವ ಉಪಯೋಗ ನೆನಪಾಗುತ್ತದೆ? ಆ ಜಾಗವನ್ನು ನಾನು ಬಿಟ್ಟುಕೊಡುವುದಿಲ್ಲ.

ಅದಿರಲಿ. ಉಳಿಪೆಟ್ಟು ಅವರೇ, ಕಾಗದದ ಮೇಲೆ ಮಾಡಿದ ಕೆಲವು ಜಲವರ್ಣಗಳಿಗೆ ಚೌಕಟ್ಟು ಬೇಕಾಗಿದೆ. ಗಾಜಿಗೆ ಅಂಟಿಕೊಂಡು ಹಿಂದಿನದೊಂದು ಹಾಳಾಯಿತು.

ಉಳಿಪೆಟ್ಟು
ಗಾಜು ಚಿತ್ರಕ್ಕೆ ತಾಗಲೇಬಾರದು. ನಡುವೆ ದಪ್ಪ ರಟ್ಟಿನ ಅಂಚು ಕೊಡಿ, ಆಮ್ಲವಿಲ್ಲದ ರಟ್ಟು, ಇಲ್ಲದಿದ್ದರೆ ಕಾಗದ ಕ್ರಮೇಣ ಹಳದಿಗೆ ತಿರುಗುತ್ತದೆ. ಮರ ಚೆನ್ನಾಗಿ ಒಣಗಿರಬೇಕು. ಅಳತೆ ಕಳುಹಿಸಿ. ಒಂದು ವಿಷಯ ಮಾತ್ರ ಮೊದಲೇ ಹೇಳಿಬಿಡಿ: ಚೌಕಟ್ಟಿನ ರಸೀದಿಯಲ್ಲಿ ‘ಉಪಯುಕ್ತ’ ಎಂದು ಬರೆಯಲೋ, ‘ಶುದ್ಧ’ ಎಂದು ಬರೆಯಲೋ?

ಗೋಡೆಬಣ್ಣ
ಫ್ರಾನ್ಸಿನ ಚಿತ್ರಕಾರ ಜಾರ್ಜ್ ಸರಾ ತನ್ನ ಚಿತ್ರಗಳ ಚೌಕಟ್ಟಿಗೂ ತಾನೇ ಚುಕ್ಕೆ ಚುಕ್ಕೆಯಾಗಿ ಬಣ್ಣ ಹಚ್ಚಿದ್ದ. ನೀವು ಮರ ಕೊಡಿ, ಬಣ್ಣ ನಾನು ನೋಡಿಕೊಳ್ಳುತ್ತೇನೆ.

ತಕರಾರು
ಆಗ ಅದು ಯಾರ ಕೃತಿ?

ನಿರ್ವಾಹಕ
ಅದಕ್ಕೆ ಹೊಸ ಎಳೆ ಶುರುಮಾಡಿ.